ಮಂಜುಗಡ್ಡೆಯ ಜತೆ ಗುದ್ದಾಡದೆ ತೇಲಿಹೋದ ನಾನ್ಸೆನ್: 130 ವರ್ಷ ಹಿಂದಿನ ಲೆಕ್ಕ ಇಂದಿನ ಹಡಗುಗಳಿಗೆ ಏಕೆ ಬೇಕು?

ಉತ್ತರ ಧ್ರುವದ ಮಂಜುಗಡ್ಡೆಯ ಸುದ್ದಿ ಮೊದಲೆಲ್ಲ ಹವಾಮಾನದ ಪುಟದಲ್ಲಿ ಬರುತ್ತಿತ್ತು. ಈಗ ವಾಣಿಜ್ಯ ಪುಟದಲ್ಲೂ ಬರುತ್ತಿದೆ. ರಷ್ಯಾದ ಉತ್ತರ ಕರಾವಳಿಯ ಪಕ್ಕದಲ್ಲೇ ಸಾಗುವ ಸಮುದ್ರ ಮಾರ್ಗ ಬೇಸಿಗೆಯ ಕೊನೆಯಲ್ಲಿ ಕೆಲವು ವಾರ ತೆರೆದುಕೊಳ್ಳುತ್ತಿದೆ. ಉತ್ತರ ಯುರೋಪಿನಿಂದ ಜಪಾನಿಗೆ ಸೂಯೆಜ್ ಕಾಲುವೆಯ ಮೂಲಕ ಸುತ್ತಿ ಹೋಗುವ ಬದಲು ಈ ದಾರಿ ಹಿಡಿದರೆ ದೂರ ಸುಮಾರು ಶೇ. 40ರಷ್ಟು ಕಡಿಮೆ. ಹಡಗು ಕಂಪನಿಗಳ ಕಣ್ಣು ಅಲ್ಲಿ ನೆಟ್ಟಿರುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಮಂಜುಗಡ್ಡೆ ಕರಗಿತು ಎಂದ ಮಾತ್ರಕ್ಕೆ ದಾರಿ ಸಲೀಸಾಯಿತು ಎನ್ನಬಹುದೇ? ಈ ಪ್ರಶ್ನೆಗೆ ಉತ್ತರ ಹುಡುಕುವ ವಿಜ್ಞಾನಿಗಳು ಇಂದಿಗೂ ಒಬ್ಬ ವ್ಯಕ್ತಿ ಬರೆದಿಟ್ಟ ಅಳತೆಗಳ ಹತ್ತಿರ ಹೋಗುತ್ತಾರೆ. ಅವರು ನಾರ್ವೆಯ ಫ್ರಿಟ್‌ಯೋಫ್ ನಾನ್ಸೆನ್. ಎಲ್ಲರೂ ಮಂಜುಗಡ್ಡೆಯಿಂದ ಹಡಗನ್ನು ಕಾಪಾಡಲು ಹೆಣಗುತ್ತಿದ್ದ ಕಾಲದಲ್ಲಿ, ಬೇಕೆಂದೇ ಹಡಗನ್ನು ಅದರೊಳಗೆ ಸಿಕ್ಕಿಸಿ, ಅದು ಎಲ್ಲಿಗೆ ಒಯ್ಯುತ್ತದೆ ಎಂದು ಲೆಕ್ಕ ಇಟ್ಟವರು. ಮುಂದೆ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ನಾನ್ಸೆನ್ ಕೂಡ ಇವರೇ.

ಸ್ಕೀ ಮೇಲೆ ಬೆಳೆದ ಹುಡುಗ

ನಾನ್ಸೆನ್ ಹುಟ್ಟಿದ್ದು 1861ರ ಅಕ್ಟೋಬರ್ 10ರಂದು, ಕ್ರಿಸ್ಟಿಯಾನಿಯಾ ಬಳಿ. ಇಂದಿನ ಓಸ್ಲೋ ನಗರದ ಅಂದಿನ ಹೆಸರು ಅದು. ತಂದೆ ವಕೀಲರು. ತಾಯಿಗೆ ಸ್ಕೀ ಆಟದಲ್ಲಿ ಬಲು ಆಸಕ್ತಿ. ಹುಡುಗನೂ ನಡೆಯಲು ಕಲಿತ ಕೆಲವೇ ವರ್ಷಗಳಲ್ಲಿ ಹಿಮದ ಮೇಲೆ ಜಾರುವುದನ್ನು ಕಲಿತ. ವಿಶ್ವವಿದ್ಯಾಲಯದಲ್ಲಿ ಆರಿಸಿಕೊಂಡ ವಿಷಯ ಪ್ರಾಣಿಶಾಸ್ತ್ರ; ಬಯಲಿನಲ್ಲಿ ಓಡಾಡಲು ಅವಕಾಶ ಸಿಗುತ್ತದೆ ಎಂಬುದೇ ಅದಕ್ಕೆ ಮುಖ್ಯ ಕಾರಣ.

1882ರಲ್ಲಿ, ಇಪ್ಪತ್ತನೇ ವಯಸ್ಸಿನಲ್ಲಿ, ಸೀಲ್ ಬೇಟೆಯ ವೈಕಿಂಗ್ ಎಂಬ ಹಡಗು ಹತ್ತಿದರು. ಗ್ರೀನ್‌ಲ್ಯಾಂಡಿನ ಪೂರ್ವ ಕರಾವಳಿಯ ಹತ್ತಿರ ಆ ಹಡಗು ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದು ಮೂರು ವಾರಕ್ಕೂ ಹೆಚ್ಚು ಕಾಲ ಅಲುಗಾಡಲಿಲ್ಲ. ಬೇಟೆಗಾರರಿಗೆ ಅದು ನಷ್ಟದ ಕಾಲ. ನಾನ್ಸೆನ್‌ಗೆ ಅದೇ ಮೊದಲ ಪಾಠ. ಸಮುದ್ರದ ಮಂಜು ನೀರಿನಾಳದಲ್ಲಿ ಹುಟ್ಟಿ ಮೇಲೇಳುತ್ತದೆ ಎಂಬ ನಂಬಿಕೆ ಆಗ ಇತ್ತು. ಅದು ಮೇಲ್ಮೈಯಲ್ಲೇ ಹೆಪ್ಪುಗಟ್ಟುತ್ತದೆ ಎಂಬುದನ್ನು ಅವರು ಗಮನಿಸಿದರು. ಆ ಮಂಜಿನಲ್ಲಿ ತೇಲಿಬಂದ ಮರದ ತುಂಡುಗಳೂ ಕಣ್ಣಿಗೆ ಬಿದ್ದವು. ಗ್ರೀನ್‌ಲ್ಯಾಂಡಿನಲ್ಲಿ ಅಂಥ ಕಾಡೇ ಇಲ್ಲ. ಹಾಗಾದರೆ ಅವು ಬಂದದ್ದೆಲ್ಲಿಂದ?

ವಾಪಸ್ ಬಂದ ಮೇಲೆ ಬರ್ಗೆನ್ ನಗರದ ವಸ್ತುಸಂಗ್ರಹಾಲಯದಲ್ಲಿ ಕೆಲಸ ಸಿಕ್ಕಿತು. ಆರು ವರ್ಷ ಅಲ್ಲಿ ಕೂತು ಸಣ್ಣ ಸಮುದ್ರ ಜೀವಿಗಳ ನರಮಂಡಲವನ್ನು ಸೂಕ್ಷ್ಮದರ್ಶಕದಲ್ಲಿ ಅಧ್ಯಯನ ಮಾಡಿದರು. ಡಾಕ್ಟರೇಟ್ ಪದವಿಯ ಪರೀಕ್ಷೆ ಮುಗಿಸಿದ ನಾಲ್ಕೇ ದಿನಕ್ಕೆ ಗ್ರೀನ್‌ಲ್ಯಾಂಡಿಗೆ ಹೊರಟು ನಿಂತರು.

1888ರ ಆ ಯಾತ್ರೆಯಲ್ಲಿ ಆರು ಮಂದಿ ಇದ್ದರು. ಜನವಸತಿ ಇದ್ದ ಪಶ್ಚಿಮ ಕರಾವಳಿಯಿಂದ ಹೊರಡುವುದು ಅಲ್ಲಿವರೆಗಿನ ವಾಡಿಕೆ. ನಾನ್ಸೆನ್ ಅದನ್ನು ತಿರುಗಿಸಿ, ಯಾರೂ ಹೋಗದ ಪೂರ್ವ ಕರಾವಳಿಯಿಂದ ಹೊರಟರು. ಹಿಂದೆ ಸರಿದರೆ ಆಸರೆ ಇಲ್ಲ, ಮುಂದೆ ಹೋದರೆ ಮಾತ್ರ ಊಟ, ಮನೆ. ಆದರೆ ದಡ ಮುಟ್ಟುವ ಮೊದಲೇ ತೇಲುವ ಮಂಜುಗಡ್ಡೆ ಅವರ ದೋಣಿಗಳನ್ನು ಹಿಡಿದುಕೊಂಡು ಸುಮಾರು 12 ದಿನ ದಕ್ಷಿಣಕ್ಕೆ ಒಯ್ದಿತು. ಕೊನೆಗೂ ದಡ ಸೇರಿ, ಹಿಮದ ಪ್ರಸ್ಥಭೂಮಿಯನ್ನು ಸ್ಕೀ ಮೇಲೆ ದಾಟಿ, ಅಕ್ಟೋಬರ್ ಆರಂಭದಲ್ಲಿ ಪಶ್ಚಿಮದ ಗೋಟ್‌ಹಾಬ್ ತಲುಪಿದರು. ಗ್ರೀನ್‌ಲ್ಯಾಂಡನ್ನು ಅಡ್ಡಲಾಗಿ ದಾಟಿದ ಮೊದಲ ತಂಡ ಅದು. ಆ ವರ್ಷದ ಕೊನೆಯ ಹಡಗು ಆಗಲೇ ಹೊರಟುಹೋಗಿತ್ತು. ಚಳಿಗಾಲವನ್ನು ಅಲ್ಲೇ ಕಳೆದು, ಸ್ಥಳೀಯ ಇನೂಯಿಟ್ ಜನರಿಂದ ಕಯಾಕ್ ನಡೆಸುವುದನ್ನೂ ಚಳಿಯಲ್ಲಿ ಬದುಕುವ ರೀತಿಯನ್ನೂ ಕಲಿತರು. ಮುಂದೆ ಜೀವ ಉಳಿಸಿದ್ದು ಆ ಕಲಿಕೆಯೇ.

ಒಡೆದ ಹಡಗಿನ ಚೂರುಗಳು ಹೇಳಿದ ಕಥೆ

ಇದಕ್ಕೆ ಕೆಲವು ವರ್ಷ ಮುಂಚೆ, 1879ರಲ್ಲಿ, ಜಾನೆಟ್ ಎಂಬ ಅಮೆರಿಕದ ಹಡಗು ಬೇರಿಂಗ್ ಜಲಸಂಧಿ ದಾಟಿ ಧ್ರುವದ ಕಡೆ ಹೋಗಿ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡಿತ್ತು. ಎರಡು ವರ್ಷದ ಹತ್ತಿರ ಗಡ್ಡೆಯ ಜತೆ ತೇಲಿ, 1881ರ ಜೂನ್‌ನಲ್ಲಿ ಸೈಬೀರಿಯಾದ ಉತ್ತರಕ್ಕೆ ಪುಡಿಯಾಗಿ ಮುಳುಗಿತು. ಮೂರು ವರ್ಷದ ನಂತರ ಅದರ ಅವಶೇಷಗಳು ಪತ್ತೆಯಾದದ್ದು ಎಲ್ಲಿ ಗೊತ್ತೇ? ಗ್ರೀನ್‌ಲ್ಯಾಂಡಿನ ನೈರುತ್ಯ ಕರಾವಳಿಯಲ್ಲಿ. ಅಂದರೆ ಧ್ರುವದ ಆ ಮಗ್ಗುಲಲ್ಲಿ ಮುಳುಗಿದ ಹಡಗಿನ ಸಾಮಾನು ಈ ಮಗ್ಗುಲಲ್ಲಿ ಬಂದು ಬಿದ್ದಿತ್ತು.

ನಾರ್ವೆಯ ಹವಾಮಾನ ತಜ್ಞ ಹೆನ್ರಿಕ್ ಮೋನ್ ಇದರ ಬಗ್ಗೆ ಬರೆದ ಲೇಖನವನ್ನು ನಾನ್ಸೆನ್ ಓದಿದರು. ವೈಕಿಂಗ್ ಹಡಗಿನಿಂದ ನೋಡಿದ ಮರದ ತುಂಡುಗಳ ಗುಟ್ಟು ಈಗ ಬಿಡಿಸಿಕೊಂಡಿತು. ಅವು ಸೈಬೀರಿಯಾದ ನದಿಗಳಿಂದ ಬಂದವು. ಧ್ರುವದ ಮಂಜುಗಡ್ಡೆ ನಿಂತ ಗೋಡೆಯಲ್ಲ, ಒಂದು ದಿಕ್ಕಿನಿಂದ ಇನ್ನೊಂದು ದಿಕ್ಕಿಗೆ ನಿಧಾನವಾಗಿ ಸಾಗುವ ತೆಪ್ಪ. ಹಾಗಿದ್ದರೆ ಆ ತೆಪ್ಪದ ಮೇಲೆ ಕೂತು ಹೋಗಬಾರದೇಕೆ?

1890ರಲ್ಲಿ ನಾರ್ವೆಯಲ್ಲಿ, 1892ರಲ್ಲಿ ಲಂಡನ್ನಿನಲ್ಲಿ ಈ ಯೋಜನೆ ಮಂಡಿಸಿದಾಗ ಧ್ರುವ ಯಾತ್ರೆಯ ಹಿರಿಯರೇ ವಿರೋಧಿಸಿದರು. ಸ್ವತಃ ಆರ್ಕ್‌ಟಿಕ್ ಯಾತ್ರೆ ನಡೆಸಿದ್ದ ಅಮೆರಿಕದ ಅಡಾಲ್ಫಸ್ ಗ್ರೀಲಿ ಇದನ್ನು ಆತ್ಮಹತ್ಯೆಗೆ ಸಮಾನ ಎಂದೇ ಬಗೆದರು. ಅವರ ಆತಂಕಕ್ಕೂ ಕಾರಣವಿತ್ತು. ಮಂಜುಗಡ್ಡೆಯ ಒತ್ತಡ ತಡೆದುಕೊಳ್ಳುವ ಹಡಗು ಆವರೆಗೆ ಯಾರ ಬಳಿಯೂ ಇರಲಿಲ್ಲ.

ಹಿಡಿತಕ್ಕೆ ಸಿಗದ ಹಡಗು

ಅಂಥ ಹಡಗನ್ನು ಕಟ್ಟಿದವರು ನಾರ್ವೆಯ ಲಾರ್ವಿಕ್ ಊರಿನ ಕಾಲಿನ್ ಆರ್ಚರ್. ಒತ್ತಡವನ್ನು ಬರೀ ಗಟ್ಟಿತನದಿಂದ ಎದುರಿಸುವುದು ಸಾಧ್ಯವಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅದಕ್ಕೆ ಹಡಗಿನ ಹೊಟ್ಟೆಯನ್ನು ದುಂಡಗೆ, ನುಣ್ಣಗೆ ಮಾಡಿದರು. ಎರಡೂ ಕಡೆಯಿಂದ ಗಡ್ಡೆ ಒತ್ತಿದಾಗ ಹಡಗು ಬಿರಿಯುವ ಬದಲು ಮೇಲಕ್ಕೆ ಜಾರಿ, ಗಡ್ಡೆಯ ಮೇಲೆಯೇ ಕೂರಬೇಕು ಎಂಬ ಉಪಾಯ. ಚುಕ್ಕಾಣಿ ಮತ್ತು ಪ್ರೊಪೆಲ್ಲರನ್ನು ಮೇಲಕ್ಕೆ ಎತ್ತಿಕೊಳ್ಳುವ ವ್ಯವಸ್ಥೆ ಇತ್ತು. ಸುಮಾರು 39 ಮೀಟರ್ ಉದ್ದಕ್ಕೆ 11 ಮೀಟರ್ ಅಗಲ. ತೆರೆದ ಸಮುದ್ರದಲ್ಲಿ ವಿಪರೀತ ಹೊಯ್ದಾಡುವ, ನೋಡಲು ಅಷ್ಟೇನೂ ಚೆಂದವಿಲ್ಲದ ಹಡಗು. ದೀಪಕ್ಕೆ ಗಾಳಿಯಂತ್ರದಿಂದ ವಿದ್ಯುತ್. 1892ರ ಅಕ್ಟೋಬರ್‌ನಲ್ಲಿ ನೀರಿಗಿಳಿದ ಆ ಹಡಗಿಗೆ ಇಟ್ಟ ಹೆಸರು ಫ್ರಾಮ್. ಮುಂದೆ ಎಂದು ಅರ್ಥ.

1893ರ ಜೂನ್ 24ರಂದು ಫ್ರಾಮ್ ಹೊರಟಿತು. ಪತ್ನಿ ಈವಾ ಮತ್ತು ಹಸುಗೂಸು ಮಗಳು ಮನೆಯಲ್ಲೇ ಉಳಿದರು. ಒಟ್ಟು 13 ಮಂದಿ, ಓಟೊ ಸ್ವೆರ್‌ಡ್ರುಪ್ ಕ್ಯಾಪ್ಟನ್. ಸೈಬೀರಿಯಾದ ಕರಾವಳಿಯ ಗುಂಟ ಪೂರ್ವಕ್ಕೆ ಸಾಗಿ, ಸೆಪ್ಟೆಂಬರ್ 22ರ ಹೊತ್ತಿಗೆ ಉತ್ತರದ ಮಂಜುಗಡ್ಡೆಯ ಅಂಚು ಮುಟ್ಟಿದರು. ಸ್ವಲ್ಪ ದಿನದಲ್ಲೇ ಹಡಗು ಸುತ್ತಲೂ ಹೆಪ್ಪುಗಟ್ಟಿತು. ಚುಕ್ಕಾಣಿ ಮೇಲೆ ಎತ್ತಿದರು.

ಮಂಜಿನೊಳಗೆ 35 ತಿಂಗಳು

ಮೊದಲ ಚಳಿಗಾಲದಲ್ಲಿ ಫ್ರಾಮ್ ಕೆಲವು ವಾರ ಉತ್ತರಕ್ಕೆ, ಕೆಲವು ವಾರ ದಕ್ಷಿಣಕ್ಕೆ ಹೋಯಿತು. ತಿಂಗಳುಗಟ್ಟಲೆ ತೇಲಿದರೂ ಹೊರಟ ಜಾಗದ ಆಸುಪಾಸಿನಲ್ಲೇ ಇರುವಂತೆ ಕಾಣುತ್ತಿತ್ತು. ಈ ಬೇಸರದ ನಡುವೆಯೂ ಅಳತೆ ಮಾತ್ರ ನಿಲ್ಲಲಿಲ್ಲ. ಗಾಳಿಯ ವೇಗ, ದಿಕ್ಕು, ಗಡ್ಡೆಯ ದಪ್ಪ, ನೀರಿನ ಉಷ್ಣತೆ, ಉಪ್ಪಿನಂಶ, ಸಮುದ್ರದ ಆಳ. ಧ್ರುವದ ಸಮುದ್ರ ಆಳವಿಲ್ಲದ್ದು ಎಂದು ಆಗ ಬಹಳ ಜನ ಅಂದುಕೊಂಡಿದ್ದರು. ತಂದಿದ್ದ ಹಗ್ಗ ತಳ ಮುಟ್ಟಲಿಲ್ಲ. ಹಡಗಿನ ಉಕ್ಕಿನ ಹಗ್ಗವನ್ನು ಬಿಚ್ಚಿ, ಎಳೆ ಜೋಡಿಸಿ ಉದ್ದ ಮಾಡಿ ಇಳಿಬಿಟ್ಟಾಗ ಆಳ 3,000 ಮೀಟರಿಗೂ ಹೆಚ್ಚು ಎಂದು ತಿಳಿಯಿತು. ಮೇಲಿನ ತಣ್ಣೀರಿನ ಕೆಳಗೆ ಅಟ್ಲಾಂಟಿಕ್ ಸಾಗರದಿಂದ ಬಂದ, ತುಸು ಬೆಚ್ಚಗಿನ ನೀರಿನ ಪದರ ಇರುವುದೂ ಗೊತ್ತಾಯಿತು.

ಗಡ್ಡೆಯ ಒತ್ತಡ ಬಂದಾಗ ಹಡಗು ಆರ್ಚರ್ ಎಣಿಸಿದಂತೆಯೇ ಕಿರುಗುಡುತ್ತ ಮೇಲೆದ್ದಿತು. ಆದರೆ ಅದು ತೇಲುವ ದಾರಿ ಧ್ರುವದ ಮೇಲೆ ಹಾಯುವುದಿಲ್ಲ ಎಂಬುದು ಎರಡನೇ ವರ್ಷಕ್ಕೆ ಸ್ಪಷ್ಟವಾಯಿತು. ನಾನ್ಸೆನ್‌ಗೆ ತಾಳ್ಮೆ ಕಡಿಮೆ. 1895ರ ಮಾರ್ಚ್ 14ರಂದು ಯಾಲ್ಮರ್ ಯೋಹಾನ್ಸೆನ್ ಎಂಬ ಸಂಗಾತಿಯನ್ನು ಕರೆದುಕೊಂಡು, ನಾಯಿಗಳು, ಜಾರುಬಂಡಿಗಳು ಮತ್ತು ಎರಡು ಕಯಾಕ್‌ಗಳೊಂದಿಗೆ ಧ್ರುವದತ್ತ ಕಾಲ್ನಡಿಗೆಯಲ್ಲಿ ಹೊರಟರು. ತೇಲುತ್ತಿರುವ ಹಡಗನ್ನು ಮತ್ತೆ ಹುಡುಕಿ ಹತ್ತುವುದು ಅಸಾಧ್ಯ ಎಂದು ಇಬ್ಬರಿಗೂ ತಿಳಿದಿತ್ತು.

ಒಂದು ತಿಂಗಳೊಳಗೆ 86 ಡಿಗ್ರಿ 14 ಮಿನಿಟ್ ಉತ್ತರ ಅಕ್ಷಾಂಶ ಮುಟ್ಟಿದರು. ಆವರೆಗೆ ಮನುಷ್ಯ ತಲುಪಿದ ಅತ್ಯಂತ ಉತ್ತರದ ಜಾಗ ಅದು. ಆದರೆ ಅವರು ಉತ್ತರಕ್ಕೆ ನಡೆದಷ್ಟೂ ಕಾಲ ಕೆಳಗಿನ ಗಡ್ಡೆ ದಕ್ಷಿಣಕ್ಕೆ ಜಾರುತ್ತಿತ್ತು. ತಾವೇ ಕಂಡುಹಿಡಿದ ಸತ್ಯ ತಮಗೇ ಎದುರಾಗಿತ್ತು. ಹಿಂದಿರುಗುವ ದಾರಿಯಲ್ಲಿ ಕೀಲಿ ಕೊಡುವುದು ಮರೆತು ಇಬ್ಬರ ಗಡಿಯಾರವೂ ನಿಂತವು. ಸಮಯ ಗೊತ್ತಿಲ್ಲದಿದ್ದರೆ ರೇಖಾಂಶ ಗೊತ್ತಾಗದು, ಅಂದರೆ ಎಲ್ಲಿದ್ದೇವೆ ಎಂಬುದೇ ಅಂದಾಜು. ಫ್ರಾನ್ಸ್ ಜೋಸೆಫ್ ದ್ವೀಪಗಳಲ್ಲಿ ಕಲ್ಲು ಪೇರಿಸಿ, ವಾಲ್ರಸ್ ಚರ್ಮ ಹೊದಿಸಿದ ಗುಡಿಸಲಲ್ಲಿ ಹಿಮಕರಡಿ ಮಾಂಸ ತಿಂದು ಚಳಿಗಾಲ ಕಳೆದರು. 1896ರ ಜೂನ್ 17ರಂದು ಬ್ರಿಟನ್ನಿನ ಫ್ರೆಡರಿಕ್ ಜಾಕ್ಸನ್ ಎಂಬ ಅನ್ವೇಷಕ ಆಕಸ್ಮಿಕವಾಗಿ ಎದುರಾದರು. ಮಸಿ ಮೆತ್ತಿದ ಈ ಮನುಷ್ಯ ನಾನ್ಸೆನ್ ಎಂದು ಗುರುತಿಸಲು ಜಾಕ್ಸನ್‌ಗೆ ಸ್ವಲ್ಪ ಹೊತ್ತೇ ಬೇಕಾಯಿತು.

ಆಗಸ್ಟ್ 13ರಂದು ನಾನ್ಸೆನ್ ನಾರ್ವೆಯ ನೆಲ ಮುಟ್ಟಿದರು. ಅದೇ ದಿನ ಫ್ರಾಮ್ ಕೂಡ ಸ್ವಾಲ್‌ಬಾರ್ಡ್ ದ್ವೀಪಗಳ ಬಳಿ ಮಂಜಿನಿಂದ ಬಿಡಿಸಿಕೊಂಡು ತೆರೆದ ನೀರಿಗೆ ಬಂತು. ಗಡ್ಡೆಯೊಳಗೆ ಕಳೆದದ್ದು ಸುಮಾರು 35 ತಿಂಗಳು. 13 ಮಂದಿಯೂ ಜೀವಂತ.

ಲೆಕ್ಕಗಳಿಂದ ಹುಟ್ಟಿದ ವಿಜ್ಞಾನ

ಧ್ರುವ ಸಿಗಲಿಲ್ಲ, ಅದಕ್ಕಿಂತ ದೊಡ್ಡದು ಸಿಕ್ಕಿತು. ಮಂಜುಗಡ್ಡೆ ಗಾಳಿ ಬೀಸುವ ದಿಕ್ಕಿನಲ್ಲೇ ನೇರವಾಗಿ ಹೋಗುವುದಿಲ್ಲ, 20ರಿಂದ 40 ಡಿಗ್ರಿಯಷ್ಟು ಬಲಕ್ಕೆ ವಾಲುತ್ತದೆ ಎಂಬುದನ್ನು ನಾನ್ಸೆನ್ ಗಮನಿಸಿದ್ದರು. ಅದರ ವೇಗ ಗಾಳಿಯ ವೇಗದ ಐವತ್ತರಲ್ಲಿ ಒಂದು ಪಾಲಿನಷ್ಟು. ಬಲಕ್ಕೆ ವಾಲಲು ಭೂಮಿಯ ತಿರುಗುವಿಕೆ ಕಾರಣ ಎಂದು ಊಹಿಸಿದರು. ಸ್ವೀಡನ್ನಿನ ಯುವ ವಿಜ್ಞಾನಿ ವಾಗ್ನ್ ವಾಲ್‌ಫ್ರಿಡ್ ಎಕ್‌ಮನ್ ಇದನ್ನು ಗಣಿತದಿಂದ ವಿವರಿಸಿದರು. ಇಂದು ಜಗತ್ತಿನ ಎಲ್ಲ ಕಡಲಶಾಸ್ತ್ರ ಪಠ್ಯಗಳಲ್ಲೂ ಎಕ್‌ಮನ್ ಸುರುಳಿ ಎಂಬ ಪಾಠವಿದೆ.

ಇನ್ನೊಂದು ವಿಚಿತ್ರವೂ ಅವರ ಟಿಪ್ಪಣಿಯಲ್ಲಿತ್ತು. ಸೈಬೀರಿಯಾದ ಕರಾವಳಿಯಲ್ಲಿ ಒಮ್ಮೆ ಎಂಜಿನ್ ಪೂರ್ತಿ ಓಡುತ್ತಿದ್ದರೂ ಫ್ರಾಮ್ ಮುಂದೆ ಹೋಗಲೇ ಒಲ್ಲದು. ಕರಗಿದ ಮಂಜಿನ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾಗಿ ಹರಡಿದಾಗ ಹಡಗಿನ ಶಕ್ತಿಯೆಲ್ಲ ಆ ಎರಡು ಪದರಗಳ ನಡುವೆ ಅಲೆ ಎಬ್ಬಿಸಲು ಖರ್ಚಾಗುತ್ತದೆ. ಮೇಲೆ ನೋಡಿದರೆ ನೀರು ಶಾಂತ. ನಾವಿಕರು ಇದನ್ನು ಸತ್ತ ನೀರು ಎನ್ನುತ್ತಿದ್ದರು. ಕಾರಣ ಬಿಡಿಸಿ ಹೇಳಿದವರು ಅದೇ ಎಕ್‌ಮನ್.

ಸರಕು ಹಡಗಿನಲ್ಲಿ ಸೈಬೀರಿಯಾಕ್ಕೆ

1905ರಲ್ಲಿ ನಾರ್ವೆ ಸ್ವೀಡನ್ನಿನಿಂದ ಬೇರೆಯಾಗುವಾಗ ನಾನ್ಸೆನ್ ರಾಜತಂತ್ರಕ್ಕೆ ಇಳಿದರು. ಮರುವರ್ಷದಿಂದ ಲಂಡನ್ನಿನಲ್ಲಿ ನಾರ್ವೆಯ ಪ್ರತಿನಿಧಿ. 1907ರ ಡಿಸೆಂಬರ್‌ನಲ್ಲಿ ಈವಾ ತೀರಿಕೊಂಡರು. ದಕ್ಷಿಣ ಧ್ರುವಕ್ಕೆ ಹೋಗುವ ತಮ್ಮ ಕನಸನ್ನು ಕೈಬಿಟ್ಟು ಫ್ರಾಮ್ ಹಡಗನ್ನು ರೋಲ್ಡ್ ಅಮುಂಡ್ಸೆನ್‌ಗೆ ಬಿಟ್ಟುಕೊಟ್ಟರು. ಉತ್ತರಕ್ಕೆ ಹೋಗುತ್ತೇನೆಂದು ಹೊರಟ ಅಮುಂಡ್ಸೆನ್ 1911ರ ಡಿಸೆಂಬರ್‌ನಲ್ಲಿ ದಕ್ಷಿಣ ಧ್ರುವ ಮುಟ್ಟಿದರು. ಆ ತಂಡದಲ್ಲಿದ್ದ ಯೋಹಾನ್ಸೆನ್ ನಾಯಕನೊಂದಿಗೆ ಜಗಳವಾಗಿ ಧ್ರುವದ ಗುಂಪಿನಿಂದ ಹೊರಬಿದ್ದರು. 1913ರ ಜನವರಿಯಲ್ಲಿ ಜೀವ ಕಳೆದುಕೊಂಡರು. ಚರ್ಮದ ಗುಡಿಸಲಲ್ಲಿ ಒಂದೇ ಚೀಲದೊಳಗೆ ಮಲಗಿ ಚಳಿಗಾಲ ಕಳೆದ ಸಂಗಾತಿಯ ಸಾವು ಅದು.

ಅದೇ 1913ರ ಬೇಸಿಗೆಯಲ್ಲಿ ನಾನ್ಸೆನ್ ಕರೆಕ್ಟ್ ಎಂಬ ಸರಕು ಹಡಗು ಹತ್ತಿದರು. ಅನ್ವೇಷಣೆಗೆ ಅಲ್ಲ, ವ್ಯಾಪಾರಕ್ಕೆ ದಾರಿ ನೋಡಲು. ಉತ್ತರ ನಾರ್ವೆಯಿಂದ ಕಾರಾ ಸಮುದ್ರದ ಮೂಲಕ ಯೆನಿಸೈ ನದಿಯ ಮುಖಕ್ಕೆ ಸರಕು ಸಾಗಿಸಬಹುದೇ ಎಂಬುದು ಪ್ರಶ್ನೆ. ಕಾರಾ ಸಮುದ್ರಕ್ಕೆ ಮಂಜಿನ ಕಣಜ ಎಂಬ ಕುಖ್ಯಾತಿ ಇತ್ತು. ಹಡಗು ಗಡ್ಡೆಗಳ ನಡುವೆ ದಾರಿ ಹುಡುಕಿಕೊಂಡು ಗುರಿ ಮುಟ್ಟಿತು. ನಾನ್ಸೆನ್ ಅಲ್ಲಿಂದ ನದಿಯಲ್ಲಿ ಒಳನಾಡಿಗೆ ಹೋಗಿ, ರೈಲು ಹಿಡಿದು ವ್ಲಾಡಿವೊಸ್ಟೊಕ್‌ವರೆಗೆ ಸುತ್ತಿ ಬಂದು ಪುಸ್ತಕ ಬರೆದರು. ಇಂದು ನಾವು ಉತ್ತರ ಸಮುದ್ರ ಮಾರ್ಗ ಎಂದು ಕರೆಯುವ ದಾರಿಯ ಪಶ್ಚಿಮ ತುದಿ ಇದೇ.

ದೇಶವಿಲ್ಲದವರ ಪಾಸ್‌ಪೋರ್ಟ್

ಮೊದಲ ಮಹಾಯುದ್ಧ ಮುಗಿದಾಗ ಲಕ್ಷಾಂತರ ಸೈನಿಕರು ಪರದೇಶಗಳಲ್ಲಿ, ಅದರಲ್ಲೂ ರಷ್ಯಾದಲ್ಲಿ, ಸೆರೆಯಾಳುಗಳಾಗಿ ಉಳಿದಿದ್ದರು. 1920ರಲ್ಲಿ ಲೀಗ್ ಆಫ್ ನೇಷನ್ಸ್ ಅವರನ್ನು ಮನೆಗೆ ಮುಟ್ಟಿಸುವ ಹೊಣೆಯನ್ನು ನಾನ್ಸೆನ್‌ಗೆ ಕೊಟ್ಟಿತು. 1922ರ ಹೊತ್ತಿಗೆ 4 ಲಕ್ಷಕ್ಕೂ ಹೆಚ್ಚು ಮಂದಿ ಊರು ಸೇರಿದರು. ರಷ್ಯಾದ ಬರಗಾಲದಲ್ಲಿ ಅನ್ನ ಒದಗಿಸಲು ಓಡಾಡಿದರು; ಯುರೋಪಿನ ಸರ್ಕಾರಗಳು ಕೈ ಬಿಚ್ಚದಿದ್ದಾಗ ನೇರವಾಗಿ ಜನರ ಬಳಿ ಹಣ ಕೇಳಿದರು. ಯಾವ ದೇಶದ ಕಾಗದವೂ ಇಲ್ಲದ ನಿರಾಶ್ರಿತರಿಗಾಗಿ 1922ರಲ್ಲಿ ಅವರು ರೂಪಿಸಿದ ಗುರುತಿನ ಪತ್ರವೇ ನಾನ್ಸೆನ್ ಪಾಸ್‌ಪೋರ್ಟ್. ಐವತ್ತಕ್ಕೂ ಹೆಚ್ಚು ಸರ್ಕಾರಗಳು ಅದನ್ನು ಒಪ್ಪಿದವು. ಸಂಗೀತಗಾರ ಸ್ಟ್ರಾವಿನ್‌ಸ್ಕಿ, ಚಿತ್ರಕಾರ ಶಗಾಲ್ ಅದನ್ನು ಹಿಡಿದು ಗಡಿ ದಾಟಿದವರಲ್ಲಿ ಇಬ್ಬರು. ಅದೇ ವರ್ಷ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆ ಹಣವನ್ನೂ ಪರಿಹಾರ ಕಾರ್ಯಕ್ಕೇ ಕೊಟ್ಟರು.

ಕೊನೆಯ ವರ್ಷಗಳಲ್ಲಿ ಮನಸ್ಸು ಮತ್ತೆ ಮಂಜಿನ ಕಡೆಗೆ ತಿರುಗಿತು. ಆಕಾಶನೌಕೆಯಲ್ಲಿ ಹಾರಿ ಮೇಲಿನಿಂದ ಆರ್ಕ್‌ಟಿಕ್ ನೋಡುವ ಅಂತಾರಾಷ್ಟ್ರೀಯ ಸಂಘದ ಅಧ್ಯಕ್ಷರಾಗಿದ್ದರು. 1930ರ ಮೇ 13ರಂದು ಮನೆಯಲ್ಲೇ ತೀರಿಕೊಂಡರು. ಗ್ರಾಫ್ ಜೆಪ್ಪೆಲಿನ್ ಆಕಾಶನೌಕೆ ಆರ್ಕ್‌ಟಿಕ್ ಮೇಲೆ ಹಾರಿದ್ದು ಮರುವರ್ಷ.

ಈಗ ಗಡ್ಡೆ ತೆಳು, ಓಟ ಜೋರು

ನಾನ್ಸೆನ್ ಕಾಲದ ಮಂಜುಗಡ್ಡೆ ಈಗಿಲ್ಲ. ಉಪಗ್ರಹಗಳು ನಿರಂತರವಾಗಿ ಅಳೆಯುತ್ತಿರುವ 1979ರಿಂದ ಈಚೆಗೆ ನೋಡಿದರೆ, 2012ರ ಸೆಪ್ಟೆಂಬರ್‌ನಲ್ಲಿ ಆರ್ಕ್‌ಟಿಕ್ ಮಂಜಿನ ಹರವು ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಕುಸಿದದ್ದು ಅತಿ ಕಡಿಮೆ. ಹರವಿಗಿಂತ ಮುಖ್ಯವಾದದ್ದು ವಯಸ್ಸು. 1980ರ ದಶಕದ ಮಧ್ಯದಲ್ಲಿ ಚಳಿಗಾಲದ ಕೊನೆಯ ಗಡ್ಡೆಯಲ್ಲಿ ಸುಮಾರು ಮೂರನೇ ಒಂದು ಪಾಲು ನಾಲ್ಕು ವರ್ಷಕ್ಕಿಂತ ಹಳೆಯದು, ದಪ್ಪನೆಯದು. ಈಗ ಅದು ಶೇ. 5ಕ್ಕಿಂತಲೂ ಕಡಿಮೆ.

ತೆಳು ಗಡ್ಡೆ ಗಾಳಿಗೆ ಬೇಗ ಓಡುತ್ತದೆ, ಬೇಗ ಒಡೆಯುತ್ತದೆ. ಇದನ್ನು ತೋರಿಸಿದ್ದೂ ನಾನ್ಸೆನ್ ದಾರಿಯೇ. 2006ರ ಸೆಪ್ಟೆಂಬರ್‌ನಲ್ಲಿ ತಾರಾ ಎಂಬ ಫ್ರೆಂಚ್ ಹಡಗು ಫ್ರಾಮ್‌ನಂತೆಯೇ ಸೈಬೀರಿಯಾದ ಬದಿಯಲ್ಲಿ ಮಂಜಿಗೆ ಸಿಕ್ಕಿಕೊಂಡು ತೇಲಿತು. 507 ದಿನದಲ್ಲಿ ಈ ಬದಿಗೆ ಬಂತು, ಫ್ರಾಮ್ ಹಿಡಿದ ಕಾಲದ ಅರ್ಧಕ್ಕಿಂತ ಕಡಿಮೆ. 2019ರಲ್ಲಿ ಜರ್ಮನಿಯ ಪೋಲಾರ್‌ಸ್ಟೆರ್ನ್ ಹಡಗು ಇದೇ ಕೆಲಸಕ್ಕೆ ಹೋದಾಗ, ಅದು ಆಸರೆ ಪಡೆದ ಗಡ್ಡೆ 2020ರ ಜುಲೈ ಕೊನೆಗೆ ಚೂರುಚೂರಾಯಿತು. ಫ್ರಾಮ್ ದಾಟಿದ ವಿಸ್ತಾರಕ್ಕೆ ಒಂದು ಪ್ರಮಾಣಬದ್ಧ ಹಳೆಯ ಲೆಕ್ಕ ಇಲ್ಲದಿದ್ದರೆ ಈ ಹೋಲಿಕೆಗೆ ಆಧಾರವೇ ಇರುತ್ತಿರಲಿಲ್ಲ.

ಹಡಗುಗಳಿಗೆ ಇದರ ಅರ್ಥವೇನು? ಲಾಭ ನಿಜ. 2017ರ ಆಗಸ್ಟ್‌ನಲ್ಲಿ ಕ್ರಿಸ್ಟೋಫ್ ಡಿ ಮಾರ್ಜರಿ ಎಂಬ ಅನಿಲ ಸಾಗಣೆ ಹಡಗು ಐಸ್‌ಬ್ರೇಕರ್ ಜತೆಗಿಲ್ಲದೆಯೇ ನಾರ್ವೆಯಿಂದ ದಕ್ಷಿಣ ಕೊರಿಯಾಕ್ಕೆ 19 ದಿನದಲ್ಲಿ ಹೋಯಿತು. ಅಪಾಯವೂ ನಿಜ. 1934ರ ಫೆಬ್ರವರಿಯಲ್ಲಿ ಇದೇ ದಾರಿಯ ಪೂರ್ವ ತುದಿಯಲ್ಲಿ ಸೋವಿಯತ್ ಹಡಗು ಚೆಲ್ಯೂಸ್ಕಿನ್ ಗಡ್ಡೆಗೆ ಸಿಕ್ಕಿ ನಜ್ಜುಗುಜ್ಜಾಗಿ, ಮಂಜಿನ ಮೇಲೆ ಉಳಿದ ನೂರಕ್ಕೂ ಹೆಚ್ಚು ಜನರನ್ನು ವಿಮಾನದಲ್ಲಿ ಕರೆತರಬೇಕಾಯಿತು. ಅದು ಹಳೆಯ ಕಾಲದ ಮಾತು ಎನ್ನುವಂತಿಲ್ಲ. 2021ರ ನವೆಂಬರ್‌ನಲ್ಲಿ ಎಣಿಸಿದ್ದಕ್ಕಿಂತ ಮೊದಲೇ ಸಮುದ್ರ ಹೆಪ್ಪುಗಟ್ಟಿ ಒಂದು ಡಜನ್‌ಗೂ ಹೆಚ್ಚು ಹಡಗುಗಳು ಅದೇ ಮಾರ್ಗದಲ್ಲಿ ಸಿಕ್ಕಿಬಿದ್ದು, ಪರಮಾಣು ಐಸ್‌ಬ್ರೇಕರ್‌ಗಳು ಬಿಡಿಸಬೇಕಾಯಿತು.

ಕೆನಡಾ ಬದಿಯ ವಾಯವ್ಯ ಮಾರ್ಗದಲ್ಲಿ ಇನ್ನೂ ಅಚ್ಚರಿಯ ಸಂಗತಿ. 2007ರಿಂದ 2021ರವರೆಗೆ ಅದರ ಹಲವು ಭಾಗಗಳಲ್ಲಿ ಹಡಗು ಓಡಿಸಬಹುದಾದ ಅವಧಿ ಹೆಚ್ಚುವ ಬದಲು ಕಡಿಮೆಯಾಯಿತು ಎಂದು 2024ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಉತ್ತರದಲ್ಲಿ ಉಳಿದಿರುವ ಹಳೆಯ ದಪ್ಪ ಗಡ್ಡೆ, ತಡೆಯುವ ತೆಳು ಮಂಜು ಕರಗಿದ್ದರಿಂದ ಇಕ್ಕಟ್ಟಾದ ಕಾಲುವೆಗಳಿಗೆ ಜಾರಿ ಬಂದು ದಾರಿ ಕಟ್ಟುತ್ತಿದೆ. ಎಷ್ಟು ಮಂಜಿದೆ ಎನ್ನುವುದರ ಜತೆಗೆ ಅದು ಎತ್ತ ಹೋಗುತ್ತಿದೆ ಎಂಬುದೂ ಮುಖ್ಯ. ನಾನ್ಸೆನ್ ಕೇಳಿದ್ದೂ ಇದನ್ನೇ.

ಹಾಗಾಗಿಯೇ ಧ್ರುವ ಸಮುದ್ರದ ಹಡಗುಗಳಿಗೆ 2017ರ ಜನವರಿ 1ರಿಂದ ಪೋಲಾರ್ ಕೋಡ್ ಎಂಬ ಅಂತಾರಾಷ್ಟ್ರೀಯ ನಿಯಮಾವಳಿ ಜಾರಿಯಲ್ಲಿದೆ. ಹಡಗಿನ ತಳ ಎಂಥದ್ದಿರಬೇಕು, ನಾವಿಕರಿಗೆ ಯಾವ ತರಬೇತಿ ಬೇಕು, ಕಸ ಎಲ್ಲಿ ಚೆಲ್ಲಬಾರದು ಎಂಬುದೆಲ್ಲ ಅದರಲ್ಲಿದೆ.

ಭಾರತಕ್ಕೂ ಇದು ದೂರದ ಸಂಗತಿಯಾಗಿ ಉಳಿದಿಲ್ಲ. ಸ್ವಾಲ್‌ಬಾರ್ಡ್‌ನಲ್ಲಿ 2008ರಿಂದ ನಮ್ಮ ಹಿಮಾದ್ರಿ ಸಂಶೋಧನಾ ಕೇಂದ್ರವಿದೆ, ಅದನ್ನು ನೋಡಿಕೊಳ್ಳುವ ಸಂಸ್ಥೆ ಗೋವಾದಲ್ಲಿದೆ. 2019ರಲ್ಲಿ ಮಾತುಕತೆಗೆ ಬಂದ ಚೆನ್ನೈ–ವ್ಲಾಡಿವೊಸ್ಟೊಕ್ ಸಮುದ್ರ ಮಾರ್ಗ ಮುಂದೆ ಉತ್ತರ ಸಮುದ್ರ ಮಾರ್ಗಕ್ಕೆ ಸೇರಬಹುದು ಎಂಬ ಲೆಕ್ಕವಿದೆ. ಕಡಲು ಮತ್ತು ಹವಾಮಾನ ಅಧ್ಯಯನಕ್ಕೆಂದು 1999ರಲ್ಲಿ ಕೊಚ್ಚಿಯಲ್ಲಿ ಶುರುವಾದ ಒಂದು ಕೇಂದ್ರಕ್ಕೆ ನಾನ್ಸೆನ್ ಅವರದೇ ಹೆಸರು.

ಫ್ರಾಮ್ ಈಗ ಓಸ್ಲೋದ ವಸ್ತುಸಂಗ್ರಹಾಲಯದಲ್ಲಿ, ಛಾವಣಿಯ ಕೆಳಗೆ, ಒಣ ನೆಲದ ಮೇಲೆ ನಿಂತಿದೆ. ಒಳಗೆ ಹತ್ತಿ ಓಡಾಡಬಹುದು, ದುಂಡನೆಯ ಆ ಹೊಟ್ಟೆಯನ್ನು ಕೈಯಿಂದ ಮುಟ್ಟಬಹುದು. ಅದರಲ್ಲಿ ಕೂತು ಬರೆದ ಗಾಳಿ, ನೀರು, ಗಡ್ಡೆಯ ಅಂಕಿಗಳು ಮಾತ್ರ ಇನ್ನೂ ನಿವೃತ್ತಿಯಾಗಿಲ್ಲ. ಉತ್ತರದ ಸಮುದ್ರಕ್ಕೆ ಹೊಸ ಸರಕು ಹಡಗು ಕಳಿಸುವ ಮೊದಲು ನಕಾಶೆಯಲ್ಲಿ ನೀಲಿ ಎಷ್ಟು ಹೆಚ್ಚಿದೆ ಎಂದು ನೋಡುವವರು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದೂ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.